ರಟ್ಟಿನ ಮುಚ್ಚಳ, ಹತ್ತು ಸೆಂಟು, ಮಗುವಿನ ವಿಳಾಸ: ಒಂದು ಸಂವಾದ

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಬಹುಭಾಗ, ಆಹಾರ ಪದಾರ್ಥ ತಯಾರಿಸುವ ಕಂಪನಿಗಳು ಮಕ್ಕಳಿಗೆ ಅಂಚೆಯ ಮೂಲಕ ಕಳಿಸುತ್ತಿದ್ದ ಉಂಗುರ, ಬಟ್ಟಲು, ಬಿಲ್ಲೆ, ಬೊಂಬೆಗಳು ಆ ದೇಶದ ಹಿರಿಯ ತಲೆಮಾರಿನವರ ಬಾಲ್ಯದ ನೆನಪುಗಳಲ್ಲಿ ದೊಡ್ಡ ಜಾಗ ಪಡೆದಿವೆ. ಈ ನೆನಪುಗಳನ್ನು ಇತಿಹಾಸದ ಆಕರವೆಂದು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಮುಂದಿನ ಸಂವಾದ ಎತ್ತಿಕೊಳ್ಳುತ್ತದೆ. ಮಾತನಾಡುವವರು ಇಬ್ಬರು: ಜಾಹೀರಾತಿನ ಇತಿಹಾಸವನ್ನು ಬಹುಕಾಲ ಓದಿಕೊಂಡು ಬಂದ ಹಿರಿಯರೊಬ್ಬರು, ಅದೇ ವಿಷಯಕ್ಕೆ ಹೊಸದಾಗಿ ಕೈಹಾಕಿದ ಕಿರಿಯರೊಬ್ಬರು.

ಕಿರಿಯರು: ಡಬ್ಬಿಯೊಳಗೇ ಸಿಗುವ ಆಟಿಕೆಗೂ ಅಂಚೆಯಲ್ಲಿ ತರಿಸಿಕೊಳ್ಳುವ ಆಟಿಕೆಗೂ ನಿಜವಾದ ವ್ಯತ್ಯಾಸವಿದೆಯೆ, ಅಥವಾ ಎರಡೂ ಮಾರಾಟದ ಒಂದೇ ಉಪಾಯದ ಎರಡು ರೂಪಗಳೆ? ತಾವು ಮೊದಲು ಇದನ್ನು ಬಿಡಿಸಿ ಹೇಳಿದರೆ ಮಾತು ಮುಂದುವರಿಸುವುದು ಸುಲಭವಾದೀತು.

ಹಿರಿಯರು: ಕಂಪನಿಯ ಕಡೆಯಿಂದ ನೋಡಿದರೆ ಎರಡೂ ‘ಪ್ರೀಮಿಯಂ’, ಅಂದರೆ ಕೊಂಡ ಸರಕಿನ ನೆಪದಲ್ಲಿ ಗಿರಾಕಿಗೆ ಸಿಗುವ ಹೆಚ್ಚುವರಿ ವಸ್ತು. ಮಗುವಿನ ಕಡೆಯಿಂದ ನೋಡಿದರೆ ಎರಡೂ ಬೇರೆ ಬೇರೆ. ಡಬ್ಬಿಯೊಳಗಿನ ಆಟಿಕೆ ಕೈಹಾಕಿದ ಕೂಡಲೇ ಸಿಗುತ್ತದೆ. ಅಂಚೆಯ ಆಟಿಕೆಗಾದರೋ ಡಬ್ಬಿ ಖಾಲಿಯಾಗುವವರೆಗೆ ತಿನ್ನಬೇಕು, ಡಬ್ಬಿಯ ರಟ್ಟಿನ ಮೇಲ್ಮುಚ್ಚಳವನ್ನು ಕತ್ತರಿಸಬೇಕು, ಕೂಪನ್ನಿನಲ್ಲಿ ಹೆಸರು ವಿಳಾಸ ಬರೆಯಬೇಕು, ನಾಣ್ಯ ಅಂಟಿಸಿ ಲಕೋಟೆ ಮುಚ್ಚಬೇಕು, ಆಮೇಲೆ ವಾರಗಟ್ಟಲೆ ಕಾಯಬೇಕು. ಕೊಂಡದ್ದಕ್ಕೆ ಪುರಾವೆಯಾಗಿ ಕಳಿಸುವ ಆ ಮುಚ್ಚಳಕ್ಕೆ ‘ಬಾಕ್ಸ್ ಟಾಪ್’ ಎಂಬ ಹೆಸರಿತ್ತು. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಪಟ್ಟಣದಲ್ಲಿ 1906ರಲ್ಲಿ ಕಾರ್ನ್ ಫ್ಲೇಕ್ಸ್ ಕಂಪನಿ ಆರಂಭಿಸಿದ ಡಬ್ಲ್ಯು. ಕೆ. ಕೆಲಾಗ್ ಕೆಲವೇ ವರ್ಷಗಳಲ್ಲಿ ಪ್ರಾಣಿಗಳ ಚಿತ್ರದ ಪುಸ್ತಕವೊಂದನ್ನು ಹಂಚಿದರು. ಅದರ ಹಾಳೆಗಳನ್ನು ಅಡ್ಡಡ್ಡ ಪಟ್ಟಿಗಳಾಗಿ ಸೀಳಿದ್ದರಿಂದ ಪಟ್ಟಿ ಮಗುಚಿದಂತೆಲ್ಲ ಒಂದು ಪ್ರಾಣಿಯ ತಲೆಗೆ ಇನ್ನೊಂದರ ಹೊಟ್ಟೆ, ಮತ್ತೊಂದರ ಕಾಲು ಕೂಡಿಕೊಳ್ಳುತ್ತಿದ್ದವು. ಆರಂಭದಲ್ಲಿ ಎರಡು ಡಬ್ಬಿ ಕೊಂಡವರಿಗೆ ಅಂಗಡಿಯಲ್ಲೇ ಕೊಡುತ್ತಿದ್ದ ಈ ಪುಸ್ತಕವನ್ನು ಆಮೇಲೆ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ ಕಳಿಸಿದವರಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಮುಂದಿನ ಅರ್ಧ ಶತಮಾನದ ವ್ಯವಹಾರಕ್ಕೆ ಮಾದರಿಯಾದದ್ದು ಅಂಗಡಿಯಿಂದ ಅಂಚೆಗೆ ಆದ ಈ ಬದಲಾವಣೆಯೇ.

ಕಿರಿಯರು: ಹತ್ತು ಸೆಂಟು ತೆಗೆದುಕೊಂಡ ಮೇಲೆ ಅದನ್ನು ಉಡುಗೊರೆ ಎಂದು ಕರೆಯುವುದು ಹೇಗೆ? ನೆನಪುಗಳನ್ನು ಬರೆದವರಲ್ಲಿ ಅನೇಕರು ‘ಕಂಪನಿ ಬಿಟ್ಟಿಯಾಗಿ ಕಳಿಸಿತು’ ಎಂದೇ ಹೇಳುತ್ತಾರೆ.

ಹಿರಿಯರು: ನೀವು ಎತ್ತಿದ ಈ ಮಾತು ಇಡೀ ವಿಷಯದ ಬುಡದಲ್ಲಿದೆ. ಜಾಹೀರಾತಿನ ವೃತ್ತಿಯವರು ಇಂಥ ವಸ್ತುವನ್ನು ‘ಸೆಲ್ಫ್ ಲಿಕ್ವಿಡೇಟಿಂಗ್ ಪ್ರೀಮಿಯಂ’ ಎನ್ನುತ್ತಾರೆ. ತನ್ನ ಖರ್ಚನ್ನು ತಾನೇ ತೀರಿಸಿಕೊಳ್ಳುವ ಪ್ರೀಮಿಯಂ ಎಂದು ಅದರ ತಾತ್ಪರ್ಯ. ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಾಡಿಸಿದ ತಗಡಿನ ಉಂಗುರಕ್ಕೆ ಬೀಳುವ ಖರ್ಚು, ಪೊಟ್ಟಣ ಕಟ್ಟುವ ಕೂಲಿ, ಅಂಚೆವೆಚ್ಚ ಇವೆಲ್ಲ ಮಗು ಕಳಿಸಿದ ನಾಣ್ಯದಲ್ಲೇ ಹೆಚ್ಚುಕಡಿಮೆ ಹುಟ್ಟುವಂತೆ ಲೆಕ್ಕ ಹಾಕಲಾಗುತ್ತಿತ್ತು. ಹೆಚ್ಚು ಮಾರಾಟವಾದ ಡಬ್ಬಿಗಳ ಲಾಭ ಕಂಪನಿಗೆ ನಿವ್ವಳವಾಗಿ ಉಳಿಯುತ್ತಿತ್ತು. ಕಂಪನಿಗೆ ಇದರ ಮೇಲೆ ಇನ್ನೂ ಒಂದು ಪ್ರಯೋಜನವಿತ್ತು. ರೇಡಿಯೊ ಹೊಸದಾಗಿ ಮನೆಗಳಿಗೆ ಬಂದ ವರ್ಷಗಳಲ್ಲಿ ಕಾರ್ಯಕ್ರಮವನ್ನು ಎಷ್ಟು ಜನ ಕೇಳುತ್ತಿದ್ದಾರೆ ಎಂದು ಅಳೆಯುವ ಭರವಸೆಯ ಸಾಧನ ಇರಲಿಲ್ಲವಾದ್ದರಿಂದ, ಪ್ರೀಮಿಯಂ ಘೋಷಿಸಿದ ಮೇಲೆ ಯಾವ ಊರಿನಿಂದ ಎಷ್ಟು ಲಕೋಟೆ ಬಂದವು ಎಂಬ ಎಣಿಕೆಯೇ ಕೇಳುಗರ ಸಂಖ್ಯೆಯ ಅಳತೆಗೋಲಾಯಿತು. ಮಗು ಆಟಿಕೆಗೆಂದು ಬರೆದ ಪತ್ರ ಕಂಪನಿಯ ಕಚೇರಿಯಲ್ಲಿ ಮಾರುಕಟ್ಟೆ ಸಮೀಕ್ಷೆಯ ಒಂದು ಅಂಕಿಯಾಗುತ್ತಿತ್ತು.

ಕಿರಿಯರು: ಹಾಗಿದ್ದರೆ ಆ ನೆನಪು ಮೋಸಹೋದವರ ನೆನಪೆಂದು ಹೇಳಿ ಮುಗಿಸಬಹುದಲ್ಲ?

ಹಿರಿಯರು: ಅಷ್ಟು ಬೇಗ ಮುಗಿಸಲಾಗದು. ಮೋಸವೆನ್ನಬೇಕಾದರೆ ಕೊಟ್ಟ ಮಾತು ತಪ್ಪಿರಬೇಕು; ಇಲ್ಲಿ ಬಹುಪಾಲು ಸಂದರ್ಭಗಳಲ್ಲಿ ಹೇಳಿದ ವಸ್ತು ಹೇಳಿದ ಬೆಲೆಗೆ ಬಂದಿದೆ. ಮಗುವಿನ ಪಾಲಿಗೆ ಅದು ಬದುಕಿನ ಮೊದಲ ಕರಾರು. ಮನೆಯ ದೊಡ್ಡವರ ಮಧ್ಯಸ್ಥಿಕೆಯಿಲ್ಲದೆ ದೂರದ ಸಂಸ್ಥೆಯೊಂದಕ್ಕೆ ತನ್ನ ಹೆಸರಿನಲ್ಲಿ ಬರೆಯುವುದು, ತನ್ನ ಹಣ ಕಳಿಸುವುದು, ತನ್ನ ಹೆಸರು ಅಚ್ಚಾದ ಪೊಟ್ಟಣ ತನ್ನ ವಿಳಾಸಕ್ಕೇ ಬರುವುದು, ಇವು ಅದುವರೆಗೆ ಮನೆಯ ಮಗನೋ ಮಗಳೋ ಆಗಿದ್ದ ಮಗುವನ್ನು ವ್ಯವಹಾರದಲ್ಲಿ ಒಂದು ಪಕ್ಷವನ್ನಾಗಿ ನಿಲ್ಲಿಸುತ್ತಿದ್ದವು. ನೆನಪುಗಳಲ್ಲಿ ಆಟಿಕೆಯ ವರ್ಣನೆಗಿಂತ ಲಕೋಟೆ, ಅಂಚೆಪೆಟ್ಟಿಗೆ, ದಿನ ಎಣಿಸಿದ ಕ್ಯಾಲೆಂಡರ್ ಹೆಚ್ಚು ಜಾಗ ಪಡೆಯುವುದಕ್ಕೆ ಕಾರಣ ಇದೇ ಇರಬೇಕು. ಬ್ಯಾಟಲ್ ಕ್ರೀಕ್ ಪಟ್ಟಣದ ಹೆಸರು ಅಮೆರಿಕದ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಕೆಲಾಗ್ ಕಂಪನಿಯೂ ಅದರ ಎದುರಾಳಿಯಾದ ಪೋಸ್ಟ್ ಕಂಪನಿಯೂ ಆಗ ಅದೇ ಊರಿನಲ್ಲಿದ್ದವು. ಮುಂದೆ 1970ರ ದಶಕದಲ್ಲಿ, ಕಂಪನಿಗಳ ಪರವಾಗಿ ಕೂಪನ್ ಎಣಿಸಿ ಪೊಟ್ಟಣ ಕಳಿಸುವ ಸಂಸ್ಥೆಯೊಂದು ಮಿನೆಸೋಟ ರಾಜ್ಯದ ಯಂಗ್ ಅಮೆರಿಕ ಎಂಬ ಸಣ್ಣ ಊರಿನಲ್ಲಿ ಬೆಳೆದಾಗ ಆ ಊರೂ ಮಕ್ಕಳ ನಾಲಗೆಯ ಮೇಲೆ ನಿಂತಿತು.

ಕಿರಿಯರು: ನೆನಪಿನ ವಿಶ್ವಾಸಾರ್ಹತೆಯ ಪ್ರಶ್ನೆ ಇನ್ನೂ ಉಳಿದಿದೆ. ‘ಎ ಕ್ರಿಸ್‌ಮಸ್ ಸ್ಟೋರಿ’ ಎಂಬ 1983ರ ಚಲನಚಿತ್ರದಲ್ಲಿ ಹುಡುಗನೊಬ್ಬ ಓವಲ್ಟೀನ್ ಎಂಬ ಪೇಯವನ್ನು ಕುಡಿದು ಕುಡಿದು ಗುಪ್ತಲಿಪಿಯ ಬಿಲ್ಲೆ ತರಿಸಿಕೊಂಡು, ಬಾಗಿಲು ಹಾಕಿ ಕುಳಿತು ರೇಡಿಯೊ ಕೊಟ್ಟ ಸಂದೇಶವನ್ನು ಬಿಡಿಸಿದಾಗ ಅದು ಬರೀ ಜಾಹೀರಾತಾಗಿರುತ್ತದೆ. ಆ ತಲೆಮಾರಿನ ನೆನಪನ್ನು ಈ ದೃಶ್ಯ ಸರಿಯಾಗಿ ಹಿಡಿದಿದೆಯೆ?

ಹಿರಿಯರು: ಭಾವವನ್ನು ಹಿಡಿದಿರಬಹುದು, ಸಂಗತಿಯನ್ನು ಹಿಡಿದಿಲ್ಲ. ‘ಲಿಟ್ಲ್ ಆರ್ಫನ್ ಆ್ಯನಿ’ ಎಂಬ, ಆ ಹುಡುಗ ಕೇಳುವ ರೇಡಿಯೊ ಧಾರಾವಾಹಿಯನ್ನು 1931ರಿಂದ 1940ರವರೆಗೆ ಓವಲ್ಟೀನ್ ಪ್ರಾಯೋಜಿಸಿತು. ಅಂದರೆ ಪ್ರಸಾರದ ವೆಚ್ಚ ಭರಿಸಿ ಬದಲಿಗೆ ಜಾಹೀರಾತಿನ ಹಕ್ಕು ಪಡೆಯಿತು. 1935ರಿಂದ 1940ರವರೆಗೆ ಕಳಿಸಿದ ಬಿಲ್ಲೆಗಳ ರಚನೆ ಹೀಗಿತ್ತು: ಹಿತ್ತಾಳೆ ಬಣ್ಣದ ತಗಡಿನ ಮೇಲೆ ತಿರುಗುವ ಒಂದು ಚಕ್ರ, ಒಂದು ಸುತ್ತಿನಲ್ಲಿ ಅಕ್ಷರಗಳು, ಇನ್ನೊಂದರಲ್ಲಿ ಅಂಕಿಗಳು. ಕಾರ್ಯಕ್ರಮದ ಕೊನೆಗೆ ನಿರೂಪಕ ಚಕ್ರವನ್ನು ಎಲ್ಲಿಗೆ ತಿರುಗಿಸಬೇಕೆಂಬ ಕೀಲಿಯನ್ನು ಹೇಳಿ, ಅಂಕಿಗಳ ಸಾಲನ್ನು ಓದುತ್ತಿದ್ದ. ಮಗು ಒಂದೊಂದೇ ಅಂಕಿಯ ಎದುರಿನ ಅಕ್ಷರವನ್ನು ಬರೆದುಕೊಂಡು ಪದ ಕಟ್ಟುತ್ತಿತ್ತು. ಬಿಲ್ಲೆ ಪಡೆಯಲು ಕಳಿಸಬೇಕಾಗಿದ್ದುದು ಡಬ್ಬಿಯ ಮುಚ್ಚಳದ ಕೆಳಗಿನ ಅಲ್ಯುಮಿನಿಯಂ ಹಾಳೆಯ ಮುದ್ರೆ. ಆ ಸಂದೇಶಗಳು ಸಾಮಾನ್ಯವಾಗಿ ಮರುದಿನದ ಕಥೆಯ ಸುಳಿವುಗಳಾಗಿದ್ದವೇ ಹೊರತು ಜಾಹೀರಾತುಗಳಾಗಿರಲಿಲ್ಲ. ಚಿತ್ರದ ಮೂಲ ಕಥೆಗಳನ್ನು ಬರೆದ ಜೀನ್ ಶೆಫರ್ಡ್ ಅಂಥ ಮಕ್ಕಳಲ್ಲೊಬ್ಬರಾಗಿ ಬೆಳೆದವರು. ದೊಡ್ಡವರಾದ ಮೇಲೆ ಹುಟ್ಟಿದ ತಿಳಿವಳಿಕೆಯನ್ನು ಅವರು ಹಿಂದಕ್ಕೊಯ್ದು ಮಗುವಿನ ಕೈಗಿತ್ತರು. ಇಂದು ಆ ಬಿಲ್ಲೆಯನ್ನು ಎಂದೂ ಮುಟ್ಟದವರು ಕೂಡ ಚಿತ್ರದ ಈ ದೃಶ್ಯವನ್ನೇ ಆ ಕಾಲದ ಸತ್ಯವೆಂದು ನಂಬಿದ್ದಾರೆ. ನಿಜವಾದ ಮಕ್ಕಳು ಬಿಡಿಸಿ ಓದಿದ್ದು ನಾಳೆಯ ಕಥೆಯನ್ನು. ಇದು ಸಣ್ಣ ವ್ಯತ್ಯಾಸವಲ್ಲ.

ಕಿರಿಯರು: ವಸ್ತುಗಳು ಜಾಹೀರಾತಿನಲ್ಲಿ ಹೇಳಿದಷ್ಟು ಚೆನ್ನಾಗಿದ್ದವೆ? ಬಂದ ಪೊಟ್ಟಣ ಬಿಚ್ಚಿದಾಗಿನ ನಿರಾಶೆಯೂ ಅನೇಕರ ನೆನಪಿನಲ್ಲಿದೆ.

ಹಿರಿಯರು: ನಿರಾಶೆ ಇದ್ದದ್ದು ನಿಜ. ಆದರೆ ಕೆಲವು ವಸ್ತುಗಳು ಹೇಳಿದ್ದಕ್ಕಿಂತ ಹೆಚ್ಚಿನವಾಗಿದ್ದವು. ಜನರಲ್ ಮಿಲ್ಸ್ ಕಂಪನಿ 1947ರಲ್ಲಿ ಕಿಕ್ಸ್ ಎಂಬ ಸೀರಿಯಲ್, ಅಂದರೆ ಹಾಲಿಗೆ ಹಾಕಿ ತಿನ್ನುವ ಸಿದ್ಧ ಧಾನ್ಯದ ತಿಂಡಿಯ ಒಂದು ಮುಚ್ಚಳ ಮತ್ತು 15 ಸೆಂಟಿಗೆ ‘ಲೋನ್ ರೇಂಜರ್’ ಎಂಬ ರೇಡಿಯೊ ಸಾಹಸವೀರನ ಹೆಸರಿನಲ್ಲಿ ಅಣುಬಾಂಬ್ ಉಂಗುರ ಕಳಿಸಿತು. ಬಾಂಬಿನ ಆಕಾರದ ಅದರ ಹಿಂಭಾಗದ ಕೆಂಪು ಬಾಲವನ್ನು ಕಿತ್ತರೆ ಒಂದು ಪುಟ್ಟ ಮಸೂರ ಕಾಣುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ಅದರೊಳಗೆ ನೋಡಿದರೆ ಸಣ್ಣ ಸಣ್ಣ ಬೆಳಕಿನ ಕಿಡಿಗಳು ಮಿನುಗುತ್ತಿದ್ದವು. ಅದು ಕಣ್ಕಟ್ಟಲ್ಲ. ಒಳಗೆ ಅತ್ಯಲ್ಪ ಪ್ರಮಾಣದ ಪೊಲೊನಿಯಂ-210 ಎಂಬ ವಿಕಿರಣಶೀಲ ಧಾತು ಇತ್ತು. ಅದರ ಪರಮಾಣು ಒಡೆದಾಗ ಹೊರಬಿದ್ದ ಆಲ್ಫಾ ಕಣ ಜಿಂಕ್ ಸಲ್ಫೈಡ್ ಪರದೆಗೆ ತಾಗಿ ಒಂದು ಕಿಡಿ ಹುಟ್ಟುತ್ತಿತ್ತು. ವಿಲಿಯಂ ಕ್ರೂಕ್ಸ್ 1903ರಲ್ಲಿ ರೂಪಿಸಿದ ಸ್ಪಿಂತರಿಸ್ಕೋಪ್ ಎಂಬ ಉಪಕರಣದ ತತ್ತ್ವ ಇದು. ಒಂಟಿ ಪರಮಾಣುವಿನ ವಿಘಟನೆಯನ್ನು ಕಣ್ಣಿಗೆ ತೋರಿಸುವ ಉಪಕರಣವೊಂದು ಹದಿನೈದು ಸೆಂಟಿಗೆ ಹಳ್ಳಿಯ ಮಗುವಿನ ಬೆರಳಿಗೂ ಬಂತು. ಪೊಲೊನಿಯಂ-210ರ ಅರ್ಧಾಯು, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ, 138 ದಿನ. ಹಾಗಾಗಿ ಕೆಲವೇ ವರ್ಷಗಳಲ್ಲಿ ಕಿಡಿಗಳು ನಿಂತುಹೋದವು. ಸಂಗ್ರಾಹಕರ ಬಳಿ ಇಂದು ಇರುವ ಉಂಗುರಗಳಲ್ಲಿ ಏನೂ ಕಾಣುವುದಿಲ್ಲ. ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದು ಎರಡೇ ವರ್ಷಕ್ಕೆ ಆ ಬಾಂಬು ಮಕ್ಕಳ ಒಡವೆಯಾದದ್ದು ನೋವಿನ ಸಂಗತಿ. ಆದರೂ ಕತ್ತಲಲ್ಲಿ ಕಂಡ ಕಿಡಿಯನ್ನು ನೆನೆಯುವವರು ನೆನೆಯುತ್ತಿರುವುದು ಸುಳ್ಳನ್ನಲ್ಲ.

ಕಿರಿಯರು: ಆ ಉಂಗುರದಲ್ಲಿ ವಿಜ್ಞಾನ ಮಗುವಿನ ಕಣ್ಣಿಗೆ ಬಿತ್ತು. ಮಗು ತಾನೇ ಪ್ರಯೋಗ ಮಾಡುವಂಥ ವಸ್ತುಗಳೂ ಇದ್ದವೆ?

ಹಿರಿಯರು: ಕೆಲಾಗ್ ಕಂಪನಿ 1950ರ ದಶಕದಲ್ಲಿ ಕೊಟ್ಟ ಪ್ಲಾಸ್ಟಿಕ್ ಜಲಾಂತರ್ಗಾಮಿಯನ್ನು ನೋಡಬಹುದು. ನಾಟಿಲಸ್ ಎಂಬ ಮೊದಲ ಅಣುಶಕ್ತಿ ಜಲಾಂತರ್ಗಾಮಿ 1954ರಲ್ಲಿ ನೀರಿಗಿಳಿದಿತ್ತು. ಆ ಉತ್ಸಾಹದ ಮರಿ ಇದು. ಅದರ ಹೊಟ್ಟೆಯ ಗುಳಿಗೆ ಅಡುಗೆಮನೆಯ ಬೇಕಿಂಗ್ ಪೌಡರ್ ತುಂಬಿ ನೀರಿಗೆ ಬಿಟ್ಟರೆ ಮೊದಲು ಮುಳುಗುತ್ತಿತ್ತು. ಪುಡಿಗೆ ನೀರು ತಾಗಿ ಹುಟ್ಟಿದ ಇಂಗಾಲದ ಡೈ ಆಕ್ಸೈಡ್ ಗುಳ್ಳೆಯಾಗಿ ಅಡಿಯಲ್ಲಿ ಕಟ್ಟಿಕೊಂಡಾಗ ಮೇಲೇಳುತ್ತಿತ್ತು. ಮೇಲ್ಮೈಯಲ್ಲಿ ಗುಳ್ಳೆ ಜಾರಿ ಒಡೆದಾಗ ಮತ್ತೆ ಮುಳುಗುತ್ತಿತ್ತು. ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡ ತುಂಬಿದರೆ ಅದು ಮುಳುಗಿದಲ್ಲೇ ಉಳಿಯುತ್ತಿತ್ತು, ಏಕೆಂದರೆ ಸೋಡದ ಜೊತೆ ಒಣ ಆಮ್ಲವೂ ಬೆರೆತಿದ್ದರೆ ಮಾತ್ರ ಬರಿಯ ನೀರಿನಲ್ಲಿ ಅನಿಲ ಹುಟ್ಟುತ್ತದೆ. ಎರಡು ಬಿಳಿ ಪುಡಿಗಳ ನಡುವಿನ ಈ ಭೇದವನ್ನು ಮಕ್ಕಳು ಪಾಠಪುಸ್ತಕಕ್ಕಿಂತ ಮೊದಲು ಸ್ನಾನದ ತೊಟ್ಟಿಯಲ್ಲಿ ಕಂಡುಕೊಂಡರು.

ಕಿರಿಯರು: ಕರಾರಿನ ಮಾತನ್ನು ತಾವು ಹೇಳಿದಿರಿ. ಕರಾರು ಮುರಿದುಬಿದ್ದ ಉದಾಹರಣೆಯನ್ನೂ ಪರಿಶೀಲಿಸಬೇಕಲ್ಲವೆ? ಕ್ವೇಕರ್ ಓಟ್ಸ್ ಕಂಪನಿ ಹಂಚಿದ ಭೂಮಿಪತ್ರಗಳ ಪ್ರಕರಣ ಇಲ್ಲಿ ಹೊಂದುತ್ತದೆ.

ಹಿರಿಯರು: ಹೊಂದುತ್ತದೆ, ಆದರೆ ಆ ಪತ್ರಗಳು ಡಬ್ಬಿಯೊಳಗೇ ಸಿಗುತ್ತಿದ್ದವು, ಅಂಚೆಯ ಪಾತ್ರ ಬಂದದ್ದು ಆಮೇಲೆ. ಕೆನಡದ ಯೂಕಾನ್ ಪ್ರದೇಶದ ಪೊಲೀಸನೊಬ್ಬನ ಸಾಹಸಕಥೆಯನ್ನು ಪ್ರಾಯೋಜಿಸುತ್ತಿದ್ದ ಕ್ವೇಕರ್ 1955ರಲ್ಲಿ ಡಾಸನ್ ಪಟ್ಟಣದ ಬಳಿ 19.11 ಎಕರೆ ಜಮೀನು ಕೊಂಡು, ಒಂದೊಂದು ಚದರ ಅಂಗುಲಕ್ಕೆ ಒಂದೊಂದರಂತೆ 2 ಕೋಟಿ 10 ಲಕ್ಷ ಪತ್ರಗಳನ್ನು ಅಚ್ಚು ಹಾಕಿಸಿತು. ಸುತ್ತ ಅಲಂಕಾರದ ಅಂಚು, ನಡುವೆ ವಕೀಲರ ಭಾಷೆ. ಖನಿಜದ ಹಕ್ಕು ಸೇರಿಲ್ಲವೆಂಬ ಷರತ್ತೂ ಅದರಲ್ಲಿತ್ತು. ಈ ಅಂಗುಲಗಳು ಯಾವ ಸರಕಾರಿ ದಫ್ತರದಲ್ಲೂ ಮಕ್ಕಳ ಹೆಸರಿಗೆ ನೋಂದಣಿಯಾಗಲಿಲ್ಲ. 1965ರಲ್ಲಿ 37 ಡಾಲರ್ 20 ಸೆಂಟಿನ ತೆರಿಗೆ ಬಾಕಿ ಉಳಿದದ್ದರಿಂದ ಸರಕಾರ ಇಡೀ ಜಮೀನನ್ನು ಮುಟ್ಟುಗೋಲು ಹಾಕಿಕೊಂಡಿತು. ಆದರೆ ಪತ್ರ ಜೋಪಾನವಾಗಿಟ್ಟವರು ದೊಡ್ಡವರಾದ ಮೇಲೆ ತಮ್ಮ ಅಂಗುಲದ ಗತಿ ಏನಾಯಿತೆಂದು ವಿಚಾರಿಸಿ ಯೂಕಾನಿನ ಭೂದಾಖಲೆ ಕಚೇರಿಗೆ ಬರೆಯುತ್ತಲೇ ಬಂದರು. ಅವರನ್ನು ಪೆದ್ದರೆನ್ನುವುದು ನ್ಯಾಯವಲ್ಲ. ಪತ್ರದಲ್ಲಿ ಬರೆದದ್ದನ್ನು ಬರೆದಂತೆಯೇ ನಂಬಬೇಕೆಂದು ಆ ಮಕ್ಕಳಿಗೆ ಕಲಿಸಿದ್ದೇ ಈ ಅಂಚೆಯ ವ್ಯವಹಾರ. ಅವರು ತಮ್ಮ ಪಾಲಿನ ಕರಾರನ್ನು ಉಳಿಸಿಕೊಂಡಿದ್ದರು.

ಕಿರಿಯರು: ಇದುವರೆಗಿನ ಉದಾಹರಣೆಗಳಲ್ಲಿ ‘ಮ್ಯಾಸ್ಕಟ್’, ಅಂದರೆ ಸರಕಿನ ಮುಖವಾಗಿ ಡಬ್ಬಿಯ ಮೇಲೆ ನಿಲ್ಲುವ ಕಲ್ಪಿತ ಪಾತ್ರ, ಅಷ್ಟಾಗಿ ಕಾಣಿಸಲಿಲ್ಲ. ಮಕ್ಕಳು ಪತ್ರ ಬರೆದದ್ದು ಕಂಪನಿಗೋ ಆ ಪಾತ್ರಕ್ಕೋ?

ಹಿರಿಯರು: ರೇಡಿಯೊ ಹಿಂದೆ ಸರಿದು ದೂರದರ್ಶನ ಬಂದಂತೆ, ಬಾಡಿಗೆಗೆ ತಂದ ಸಾಹಸವೀರರ ಜಾಗಕ್ಕೆ ಕಂಪನಿಗಳ ಸ್ವಂತ ಪಾತ್ರಗಳು ಬಂದವು: 1952ರಲ್ಲಿ ಟೋನಿ ಎಂಬ ಹುಲಿ, 1959ರಲ್ಲಿ ಟ್ರಿಕ್ಸ್ ಮೊಲ, 1963ರಲ್ಲಿ ಕ್ಯಾಪ್ಟನ್ ಕ್ರಂಚ್, 1965ರಲ್ಲಿ ಪಿಲ್ಸ್‌ಬರಿಯ ಹಿಟ್ಟಿನ ಹುಡುಗ. ಈ ಪೈಕಿ ಮೊಲದ ಪ್ರಕರಣ ವಿಶೇಷವಾದದ್ದು. ಬಣ್ಣದ ಉಂಡೆಗಳ ಟ್ರಿಕ್ಸ್ ತಿಂಡಿಗೆ ಆಸೆಪಟ್ಟು ಪ್ರತಿ ಜಾಹೀರಾತಿನಲ್ಲೂ ಮಕ್ಕಳಿಂದ ನಿರಾಕರಣೆಗೆ ಒಳಗಾಗುವುದೇ ಅದರ ಹಣೆಬರಹ. ಅಧ್ಯಕ್ಷೀಯ ಚುನಾವಣೆ ನಡೆದ 1976ರಲ್ಲಿ, ಮತ್ತೆ 1980ರಲ್ಲಿ, ಮೊಲಕ್ಕೆ ಟ್ರಿಕ್ಸ್ ಕೊಡಬೇಕೆ ಬೇಡವೆ ಎಂದು ಆ ತಿಂಡಿಯ ಕಂಪನಿ ಮಕ್ಕಳ ಮತ ಕೇಳಿತು. ಅಂಚೆಯಲ್ಲಿ ಮತ ಕಳಿಸಿದವರಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಬಂತು. ಮಕ್ಕಳು ಭಾರಿ ಬಹುಮತದಿಂದ ‘ಕೊಡಿ’ ಎಂದರು, ಮೊಲಕ್ಕೆ ಒಂದು ಬಟ್ಟಲು ಸಿಕ್ಕಿತು. ವರ್ಷಗಟ್ಟಲೆ ತೋರಿಸಿದ ಜಾಹೀರಾತು ಮಕ್ಕಳಿಗೆ ಹಂಚಿಕೊಳ್ಳದಿರುವುದನ್ನು ಕಲಿಸಿತ್ತು. ಸ್ವಂತ ಅಭಿಪ್ರಾಯ ಕೇಳಿದಾಗ ಅವರು ಅದಕ್ಕೆ ವಿರುದ್ಧವಾಗಿ ಉತ್ತರಿಸಿದರು. ಈ ವಿಷಯದ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಸಂತೋಷ ಕೊಡುವ ಸಂಗತಿ ಇನ್ನೊಂದಿಲ್ಲ.

ಕಿರಿಯರು: ಭಾರತದ ಮಕ್ಕಳಿಗೆ ಇಂಥ ಅನುಭವ ಇತ್ತೆ? ಕನ್ನಡನಾಡಿನ ಮನೆಗಳಲ್ಲಿ ಬಿನಾಕಾ ಟೂತ್‌ಪೇಸ್ಟಿನ ಪೆಟ್ಟಿಗೆಯ ಪುಟ್ಟ ಪ್ರಾಣಿಗಳನ್ನು ಕೂಡಿಸಿಟ್ಟವರು ಬಹಳ ಮಂದಿ.

ಹಿರಿಯರು: ಅವು ಪೆಟ್ಟಿಗೆಯೊಳಗಿನವು, ಅಂಚೆಯವಲ್ಲ. ಅಮೆರಿಕದ ಪದ್ಧತಿಗೆ ಹತ್ತಿರ ಬಂದದ್ದು 1980ರ ದಶಕದಲ್ಲಿ ನೂಡಲ್ಸ್ ಜೊತೆಗೇ ಬೆಳೆದ ಮ್ಯಾಗಿ ಕ್ಲಬ್. ಖಾಲಿ ಪೊಟ್ಟಣ ಕಳಿಸಿದ ಮಕ್ಕಳಿಗೆ ಅದು ಆಟದ ಸಾಮಾನು ಕಳಿಸುತ್ತಿತ್ತು. ಇಷ್ಟು ಸಾಕು, ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಬೇಕಾಗಿಲ್ಲ.

ಕಿರಿಯರು: ಈ ಪದ್ಧತಿ ಅಮೆರಿಕದಲ್ಲಿ ಏಕೆ ಸೊರಗಿತು?

ಹಿರಿಯರು: ಕಾರಣಗಳು ಹಲವು. ಅಂಚೆವೆಚ್ಚ ಏರಿತು. 1974ರಲ್ಲಿ ಅಂಗಡಿಗಳಿಗೆ ಕಾಲಿಟ್ಟ ಬಾರ್ ಕೋಡ್ ಕ್ರಮೇಣ ಮುಚ್ಚಳದ ಬದಲಿಗೆ ಪುರಾವೆಯಾಯಿತು. ಮಾರಾಟವನ್ನು ಯಂತ್ರವೇ ಎಣಿಸತೊಡಗಿದ ಮೇಲೆ ಮಕ್ಕಳ ಲಕೋಟೆಗಳಿಂದ ಗಿರಾಕಿಗಳನ್ನು ಅಳೆಯುವ ಅಗತ್ಯ ಉಳಿಯಲಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಲ್ಲ ಸಣ್ಣ ಭಾಗಗಳ ಮೇಲಿನ ನಿರ್ಬಂಧ 1980ರಲ್ಲಿ ಜಾರಿಗೆ ಬಂತು. 1998ರಲ್ಲಿ ಒಪ್ಪಿಗೆ ಪಡೆದ ಮಕ್ಕಳ ಖಾಸಗಿತನದ ಕಾಯ್ದೆಯಂತೆ, ಹದಿಮೂರು ವರ್ಷದೊಳಗಿನವರ ಹೆಸರು ವಿಳಾಸಗಳನ್ನು ಅಂತರ್ಜಾಲದಲ್ಲಿ ಸಂಗ್ರಹಿಸಲು ಕಂಪನಿ ತಂದೆತಾಯಿಯ ಅನುಮತಿ ಪಡೆಯಬೇಕು. ಹಿಂದೆ ಕೂಪನ್ನಿನಲ್ಲಿ ಪೆನ್ಸಿಲಿನಿಂದ ಬರೆದು ಕಳಿಸಿದ್ದೂ ಅದೇ ಹೆಸರು ವಿಳಾಸ. ಮಗುವಿನ ಸ್ವಾತಂತ್ರ್ಯವೆಂದು ನೆನಪು ಕೊಂಡಾಡುವ ಕ್ರಿಯೆಯನ್ನು ಕಾನೂನು ಅಪಾಯವೆಂದು ಗುರುತಿಸಿತು, ಎರಡೂ ಸರಿಯೇ.

ಕಿರಿಯರು: ಕೊನೆಯದಾಗಿ ಕಷ್ಟದ ಪ್ರಶ್ನೆಯೊಂದಿದೆ. ಆ್ಯಂಟ್ ಜೆಮೈಮಾ ಎಂಬ ಪ್ಯಾನ್‌ಕೇಕ್ ಹಿಟ್ಟಿನ ಮ್ಯಾಸ್ಕಟ್ ಬೊಂಬೆಯನ್ನು ಪ್ರೀತಿಯಿಂದ ನೆನೆಯುವವರ ನೆನಪನ್ನು ಹೇಗೆ ಓದಬೇಕು?

ಹಿರಿಯರು: ವಸ್ತುವನ್ನು ಹತ್ತಿರದಿಂದ ನೋಡಿ ಓದಬೇಕು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕೂಪನ್ ಮತ್ತು ಚಿಲ್ಲರೆ ಕಳಿಸಿದವರಿಗೆ ಬರುತ್ತಿದ್ದುದು ಸಿದ್ಧ ಬೊಂಬೆಯಲ್ಲ, ಬೊಂಬೆಯ ಮುಂದು ಹಿಂದುಗಳನ್ನು ಅಚ್ಚು ಹಾಕಿದ ಬಟ್ಟೆ. ಮನೆಯಲ್ಲಿ ಕತ್ತರಿಸಿ, ಅಂಚು ಹೊಲಿದು, ಹತ್ತಿಯೋ ಚಿಂದಿಯೋ ತುಂಬಿಕೊಳ್ಳಬೇಕಿತ್ತು. ಜೆಮೈಮಾ, ಗಂಡ ಮೋಸ್, ಮಕ್ಕಳಾದ ಡಯಾನ ಮತ್ತು ವೇಡ್ ಎಂದು ಇಡೀ ಸಂಸಾರ ಹೀಗೆ ಮನೆಗೆ ಬರುತ್ತಿತ್ತು. ಆ ಪಾತ್ರ ಗುಲಾಮಗಿರಿಯ ಕಾಲದ ಮನೆಯಾಳನ್ನು ಸದಾ ನಗುವ, ಒಡೆಯರ ಸೇವೆಯಲ್ಲೇ ತೃಪ್ತಳಾದ ಹೆಂಗಸಾಗಿ ಚಿತ್ರಿಸಿತ್ತು. 1893ರ ಷಿಕಾಗೋ ವಿಶ್ವಮೇಳದಲ್ಲಿ ಆ ವೇಷ ತೊಟ್ಟು ನಿಂತ ನ್ಯಾನ್ಸಿ ಗ್ರೀನ್ ಸ್ವತಃ ಗುಲಾಮಗಿರಿಯಲ್ಲಿ ಹುಟ್ಟಿದವರು. ಕಂಪನಿ ಆ ಹೆಸರನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿ, 2021ರಲ್ಲಿ ಪರ್ಲ್ ಮಿಲ್ಲಿಂಗ್ ಎಂಬ ಹೆಸರಿಟ್ಟಿತು. ಇದೊಂದೇ ಉದಾಹರಣೆಯಲ್ಲ. ಪಿಲ್ಸ್‌ಬರಿ 1964ರಲ್ಲಿ ತಂದ ಫನಿ ಫೇಸ್ ಶರಬತ್ತಿನ ಪುಡಿಯ ಎರಡು ಮುಖಗಳು ಚೀನೀಯರನ್ನೂ ಅಮೆರಿಕದ ಮೂಲನಿವಾಸಿಗಳನ್ನೂ ಅಣಕಿಸುವಂತಿದ್ದವು. ಆಕ್ಷೇಪ ಬಂದು ಬೇಗನೆ ಬದಲಾದವು. ಆಮೇಲೆ ಮಕ್ಕಳು ಪ್ಲಾಸ್ಟಿಕ್ ಲೋಟಗಳ ರೂಪದಲ್ಲಿ ತರಿಸಿಕೊಂಡದ್ದು ಬದಲಾದ ಮುಖಗಳನ್ನು.

ಕಿರಿಯರು: ಮಗುವಿಗೆ ಇದೊಂದೂ ತಿಳಿದಿರಲಿಲ್ಲ, ತಾಯಿಯ ಜೊತೆ ಕುಳಿತು ಹೊಲಿದದ್ದು ಮಾತ್ರ ಅದರ ನೆನಪಿನಲ್ಲಿದೆ ಎಂದು ವಾದಿಸುವವರಿದ್ದಾರೆ.

ಹಿರಿಯರು: ಯಾವ ಮಗುವಿಗೆ ಎಂದು ಕೇಳಬೇಕು. ಬಿಳಿಯರ ಮನೆಯ ಮಗುವಿಗೆ ತಿಳಿದಿರಲಿಲ್ಲವೆಂದು ಒಪ್ಪಬಹುದು. ಅದೇ ಊರಿನ ಕರಿಯರ ಮನೆಯ ಮಗುವಿಗೆ ಅಂಗಡಿಯ ಸಾಲಿನಲ್ಲಿ ಆ ಡಬ್ಬಿ ಏನು ಹೇಳುತ್ತಿದೆ ಎಂಬುದು ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಸಂಗ್ರಾಹಕರ ನೆನಪಿನ ಬರಹಗಳಲ್ಲಿ ಎರಡನೆಯ ಮಗುವಿನ ದನಿ ತೀರ ಕಡಿಮೆ, ಮತ್ತು ಆ ಕೊರತೆಯನ್ನು ತುಂಬದೆ ಈ ವಿಷಯದ ಇತಿಹಾಸವನ್ನು ಬರೆಯಲಾಗದು. ಮಿಶಿಗನ್ ರಾಜ್ಯದ ಬಿಗ್ ರ‍್ಯಾಪಿಡ್ಸ್ ಊರಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಸಮಾಜಶಾಸ್ತ್ರಜ್ಞ ಡೇವಿಡ್ ಪಿಲ್ಗ್ರಿಮ್ ಕೊಟ್ಟ ಸಂಗ್ರಹದಿಂದ ಹುಟ್ಟಿದ ಜಿಮ್ ಕ್ರೋ ಮ್ಯೂಸಿಯಂ ಇಂಥ ವಸ್ತುಗಳನ್ನು ಪಾಠಕ್ಕಾಗಿಯೇ ಪ್ರದರ್ಶನಕ್ಕಿಟ್ಟಿದೆ. ಬೊಂಬೆಯ ಒಡೆಯರು ಅದನ್ನು ಸುಡಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ. ಹೊಲಿದ ತಾಯಿಯ ಹೆಸರು, ಕಳಿಸಿದ ಕೂಪನ್ನು, ಅಚ್ಚಿನಲ್ಲಿದ್ದ ಮುಖ ಯಾರದೆಂಬ ವಿವರ, ಆ ಮುಖವನ್ನು ಕಂಡು ನೊಂದವರು ಹೇಳುವ ಮಾತು, ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಬೊಂಬೆಯ ಜೊತೆ ಅಂಥ ಸಂಗ್ರಹಾಲಯಕ್ಕೆ ಕೊಟ್ಟರೆ ಮುಂದೆ ಓದುವವರಿಗೆ ಉಪಯೋಗವಾಗುತ್ತದೆ.